ಮಗ್ಗದಲ್ಲಿ ಎಳೆ ಉಳಿಸಿ: ಅರವತ್ತು ತುಂಬುವ ಅಕ್ಕೋರಿಗೆ ಉತ್ತರ

ಪ್ರಶ್ನೆ: ಪಾಸ್ಟರ್ ಅವರಿಗೆ ಕರ್ತನ ಹೆಸರಿನಲ್ಲಿ ವಂದನೆಗಳು. ನಾನು ಬೆಳಗಾವಿ ಜಿಲ್ಲೆಯ ಒಂದು ಹಳ್ಳಿಯಲ್ಲಿ ಸರ್ಕಾರಿ ಪ್ರಾಥಮಿಕ ಶಾಲೆಯ ಶಿಕ್ಷಕಿ. ಮುಂದಿನ ತಿಂಗಳು 14ಕ್ಕೆ ನನಗೆ 60 ತುಂಬುತ್ತದೆ. ಅದೇ ತಿಂಗಳ ಕೊನೆಯ ದಿನ ನಿವೃತ್ತಿ. ಮಗ, ಮಗಳು ಸೇರಿ ಬೆಳಗಾವಿಯಲ್ಲಿ ಹಾಲ್ ಬುಕ್ ಮಾಡಿದ್ದಾರೆ. 300 ಜನರಿಗೆ ಊಟ, ದೊಡ್ಡ ಕೇಕು, ಎಲ್ಲಾ ಪ್ಲಾನ್ ಆಗಿದೆ. ಯಜಮಾನರು ತೀರಿಕೊಂಡು 4 ವರ್ಷ ಆಯಿತು. ಪ್ರಾರ್ಥನಾ ಕೂಟದಲ್ಲಿ ಒಬ್ಬರು, ಸತ್ಯವೇದದಲ್ಲಿ ಹುಟ್ಟುಹಬ್ಬ ಮಾಡಿಕೊಂಡವರು ಫರೋಹ ಮತ್ತು ಹೆರೋದ ಮಾತ್ರ, ವಿಶ್ವಾಸಿಗಳು ಮಾಡಬಾರದು ಎಂದರು. ಪಕ್ಕದ ಮನೆಯವರು 60ರ ಶಾಂತಿ ಮಾಡಿಸಿ ಅನ್ನುತ್ತಾರೆ. ನನಗಂತೂ ಯಾವುದರಲ್ಲೂ ಖುಷಿ ಇಲ್ಲ. 36 ವರ್ಷ ಕಲಿಸಿದೆ, ಏನು ಉಳಿಯಿತು ಅನ್ನಿಸುತ್ತದೆ. ನಿಮಗೆ ಹೋದ ವರ್ಷ 75 ತುಂಬಿತು ಎಂದು ಕೇಳಿದೆ. ಇಂಥ ಹುಟ್ಟುಹಬ್ಬಗಳಿಂದ ನೀವು ಏನು ಕಲಿತಿರಿ? ನಾನು ಈ ದಿನವನ್ನು ಹೇಗೆ ನೋಡಬೇಕು?

ಉತ್ತರ:

ಅಕ್ಕೋರೇ, ನಿಮಗೂ ವಂದನೆಗಳು. ನಮ್ಮ ಕಡೆ ಮಕ್ಕಳು ಟೀಚರನ್ನು ಹೀಗೇ ಕರೆಯುತ್ತಾರೆ. ಇನ್ನು ಕೆಲವೇ ವಾರ ನೀವು ಈ ಹೆಸರು ಶಾಲೆಯ ಒಳಗೆ ಕೇಳುತ್ತೀರಿ. ಆಮೇಲೂ ಸಂತೆಯಲ್ಲಿ, ಬಸ್ ಸ್ಟ್ಯಾಂಡಿನಲ್ಲಿ ಕೇಳುತ್ತಲೇ ಇರುತ್ತೀರಿ ಅನ್ನೋದು ನನಗೆ ಖಾತ್ರಿ.

ಮೊದಲು ಸುಲಭದ ಪ್ರಶ್ನೆ ಮುಗಿಸೋಣ. ಫರೋಹನ ಹುಟ್ಟುಹಬ್ಬದ ದಿನ ಅವನ ರೊಟ್ಟಿಗಾರನನ್ನು ಗಲ್ಲಿಗೆ ಹಾಕಿದರು. ಹೆರೋದನ ಹುಟ್ಟುಹಬ್ಬದ ದಿನ ಸ್ನಾನಿಕನಾದ ಯೋಹಾನನ ತಲೆ ಹೋಯಿತು. ನಿಜ. ಆದರೆ ಅಲ್ಲಿ ತಪ್ಪು ಕೊಲೆಯದ್ದು, ಹುಟ್ಟಿದ ದಿನದ್ದಲ್ಲ. ಅದೇ ಯೋಹಾನ ಹುಟ್ಟುವ ಮೊದಲು ದೇವದೂತನು ಅವನ ತಂದೆಗೆ ಏನು ಹೇಳಿದ? ಈ ಮಗು ಹುಟ್ಟಿದ್ದಕ್ಕೆ ಬಹಳ ಜನ ಸಂತೋಷಪಡುತ್ತಾರೆ ಎಂದ. ಲೂಕ 1ನೇ ಅಧ್ಯಾಯ ತೆಗೆದು ನೋಡಿ. ಒಬ್ಬರು ಹುಟ್ಟಿದ್ದಕ್ಕೆ ಸಂತೋಷಪಡುವುದನ್ನು ದೇವರೇ ಒಪ್ಪಿರುವಾಗ, ಬೇಡ ಅನ್ನಲು ನಾವ್ಯಾರು? ಕೂಟದಲ್ಲಿ ಹೇಳಿದವರ ಮೇಲೆ ಸಿಟ್ಟು ಬೇಡ. ಆದರೆ ಆ ಮಾತಿಗೆ ನಿದ್ದೆ ಕೆಡಿಸಿಕೊಳ್ಳಬೇಡಿ.

ಪಕ್ಕದ ಮನೆಯವರದ್ದು ಪ್ರೀತಿಯ ಮಾತು. ಅವರ ನಂಬಿಕೆಯಲ್ಲಿ 60 ಅಂದರೆ ಸಂವತ್ಸರದ ಒಂದು ಸುತ್ತು ಪೂರ್ತಿ, ಮತ್ತೆ ಹುಟ್ಟಿದ ಹಾಗೆ. ನಿಮ್ಮ ಆಯುಷ್ಯ ಗಟ್ಟಿಯಾಗಲಿ ಅಂತಲೇ ಅವರು ಹೇಳಿದ್ದು. ಶಾಂತಿ ನಾವು ಮಾಡಿಸುವುದಿಲ್ಲ, ಚರ್ಚಿನಲ್ಲಿ ಸ್ತೋತ್ರದ ಪ್ರಾರ್ಥನೆ ಇಟ್ಟಿದ್ದೇವೆ, ನೀವು ಬರಲೇಬೇಕು ಅಂತ ಹೇಳಿ. ಬಂದೇ ಬರುತ್ತಾರೆ.

ಈಗ ನಿಮ್ಮ ಪತ್ರಕ್ಕೆ ಬರುತ್ತೇನೆ. ಅದನ್ನು ಮೂರು ಸಲ ಓದಿದೆ. ಹಾಲ್, ಊಟ, ಕೇಕು, ಕೂಟದವರು, ನೆರೆಯವರು, ಎಲ್ಲಾ ಇದೆ. ಮಧ್ಯದಲ್ಲಿ ಒಂದೇ ಒಂದು ಸಾಲು: ಯಜಮಾನರು ತೀರಿಕೊಂಡು 4 ವರ್ಷ ಆಯಿತು. ಅಷ್ಟೇ ಬರೆದು ಮುಂದೆ ಹೋಗಿಬಿಟ್ಟಿದ್ದೀರಿ. ಖುಷಿ ಯಾಕೆ ಇಲ್ಲ ಅನ್ನುವುದಕ್ಕೆ ಉತ್ತರ ಆ ಸಾಲಿನಲ್ಲೇ ಇದೆ ಅಂತ ನನಗೆ ಕಾಣುತ್ತದೆ. ಇಬ್ಬರೂ ಕೂಡಿ ಕಾಯುತ್ತಿದ್ದ ದಿನ ಇದು, ಅಲ್ವಾ? ನಿವೃತ್ತಿ ಆದಮೇಲೆ ಅಲ್ಲಿಗೆ ಹೋಗೋಣ, ಇದನ್ನು ಮಾಡೋಣ ಅಂತ ಮಾತಾಡಿಕೊಂಡಿರುತ್ತೀರಿ. ಆ ದಿನ ಬಂತು, ಅವರಿಲ್ಲ. ದುಃಖ ಆಗದೆ ಇರುತ್ತದೆಯೇ?

ವಿಶ್ವಾಸಿಗಳು ಅಳಬಾರದು ಅನ್ನೋ ಮಾತು ನಮ್ಮ ಸಭೆಗಳಲ್ಲಿ ಹೇಗೋ ಬೆಳೆದುಬಿಟ್ಟಿದೆ. ಅದು ವಾಕ್ಯದಲ್ಲಿ ಇಲ್ಲ. ಲಾಜರನ ಸಮಾಧಿಯ ಹತ್ತಿರ ಯೇಸು ಕಣ್ಣೀರು ಹಾಕಿದ. ಇನ್ನು ಸ್ವಲ್ಪ ಹೊತ್ತಿಗೆ ಅವನನ್ನು ಎಬ್ಬಿಸುತ್ತೇನೆ ಎಂದು ಗೊತ್ತಿದ್ದೂ ಅತ್ತ. 14ನೇ ತಾರೀಖು ಬೆಳಿಗ್ಗೆ ಎಲ್ಲಕ್ಕಿಂತ ಮೊದಲು ಮಕ್ಕಳನ್ನು ಕರೆದುಕೊಂಡು ಯಜಮಾನರ ಸಮಾಧಿಗೆ ಹೋಗಿ ಬನ್ನಿ. ಒಂದು ಹಾಡು ಹಾಡಿ, ಅಳು ಬಂದರೆ ಅತ್ತು ಬನ್ನಿ. ಹಾಲ್‌ನಲ್ಲಿ ಅವರ ಹೆಸರು ಹೇಳಬಾರದು, ಅಮ್ಮನಿಗೆ ನೋವಾಗುತ್ತದೆ ಎಂದು ನಿಮ್ಮ ಮಕ್ಕಳು ಅಂದುಕೊಂಡಿರಬಹುದು. ನೀವೇ ಹೇಳಿ, ಅಪ್ಪನ ಬಗ್ಗೆ ನಾಲ್ಕು ಮಾತಾಡಿ ಅಂತ.

ಇನ್ನೊಂದು ಮಾತು. ವಾರಗಟ್ಟಲೆ ನಿದ್ದೆ ಬರುತ್ತಿಲ್ಲ, ಊಟ ಸೇರುತ್ತಿಲ್ಲ, ಏಳಲು ಮನಸ್ಸೇ ಇಲ್ಲ ಅನ್ನುವ ಹಾಗಿದ್ದರೆ ಡಾಕ್ಟರಿಗೆ ತೋರಿಸಿ. ಇದು ನಂಬಿಕೆ ಕಡಿಮೆ ಆದದ್ದಲ್ಲ. ಎಲೀಯನು ಸಾಕಪ್ಪ ಈ ಜೀವ ಎಂದು ಗಿಡದ ಕೆಳಗೆ ಮಲಗಿದಾಗ ದೇವರು ಅವನಿಗೆ ಬುದ್ಧಿ ಹೇಳಲಿಲ್ಲ. ಮೊದಲು ನಿದ್ದೆ ಕೊಟ್ಟನು, ಬಿಸಿ ರೊಟ್ಟಿ ಕೊಟ್ಟನು, ನೀರು ಕೊಟ್ಟನು. ಮಾತು ಆಮೇಲೆ.

ನಾನೇನು ಕಲಿತೆ ಎಂದು ಕೇಳಿದ್ದೀರಿ. ಹೇಳುತ್ತೇನೆ. ನನಗೆ 60 ತುಂಬಿದಾಗ ಸಭೆಯವರು ದೊಡ್ಡ ಕಾರ್ಯಕ್ರಮ ಇಟ್ಟಿದ್ದರು. ಶಾಲು, ಹಾರ, ಮೆಮೆಂಟೊ. ನಾನು ಎಷ್ಟು ಮನೆಗಳಿಗೆ ಹೋಗಿ ಪ್ರಾರ್ಥಿಸಿದೆ, ಎಷ್ಟು ಮಳೆಯಲ್ಲಿ ಸೈಕಲ್ ಹೊಡೆದೆ ಎಂದು ಒಬ್ಬೊಬ್ಬರೂ ಹೇಳಿದರು. ಕೇಳಿ ನನಗೆ ಎದೆ ತುಂಬಿತ್ತು. ಕೊನೆಗೆ ನಮ್ಮ ಮಗಳಿಗೆ ಮೈಕ್ ಕೊಟ್ಟರು. ಅವಳು ಎರಡೇ ಮಾತು ಆಡಿದಳು. "ಅಪ್ಪ ಎಲ್ಲಾರ ಮನಿಗೂ ಹೋದ್ರು. ನಮ್ಮ ಸಾಲಿಗೆ ಒಮ್ಮೆನೂ ಬರ್ಲಿಲ್ಲ." ಸಿಟ್ಟಿನಿಂದ ಹೇಳಲಿಲ್ಲ. ಸುಮ್ನೆ, ನಡೆದದ್ದನ್ನು ಹೇಳಿದ ಹಾಗೆ ಹೇಳಿ ಮೈಕ್ ಇಟ್ಟು ಬಂದಳು.

ಅಂದು ರಾತ್ರಿ ನಾನು ಮಲಗಲಿಲ್ಲ. ಅವಳು ಒಂದನೇ ತರಗತಿಯಿಂದ ಹತ್ತರವರೆಗೆ ಓದಿದ ಶಾಲೆ ನಮ್ಮ ಮನೆಯಿಂದ ಹತ್ತು ನಿಮಿಷದ ದಾರಿ. ಗ್ಯಾದರಿಂಗ್, ಆಟದ ದಿನ, ಮಾರ್ಕ್ಸ್ ಕಾರ್ಡಿಗೆ ಸಹಿ, ಎಲ್ಲದಕ್ಕೂ ನನ್ನ ಹೆಂಡತಿಯೇ ಹೋದಳು. ನಾನು ದೇವರ ಕೆಲಸದಲ್ಲಿದ್ದೇನೆ ಅಂದುಕೊಂಡಿದ್ದೆ. ಮರುದಿನ ಮಗಳ ಮುಂದೆ ಕೂತು ತಪ್ಪಾಯಿತು ಎಂದೆ. ಅವಳು ತಲೆ ಆಡಿಸಿದಳು, ಏನೂ ಮಾತಾಡಲಿಲ್ಲ. ಕ್ಷಮೆ ಕೇಳಿದ ಕೂಡಲೇ ಸಿಗಬೇಕು ಎಂದು ನಾನು ಪುಲ್ಪಿಟ್‌ನಿಂದ ಎಷ್ಟೋ ಸಲ ಹೇಳಿದ್ದೆ. ಅವಳಿಗೆ ಎರಡು ವರ್ಷ ಬೇಕಾಯಿತು. ಅಷ್ಟು ಸಮಯ ತೆಗೆದುಕೊಳ್ಳುವ ಹಕ್ಕು ಅವಳಿಗೆ ಇತ್ತು.

ಕೀರ್ತನೆ 90 ನಿಮಗೆ ಬಾಯಿಪಾಠ ಇರುತ್ತದೆ. ನಮ್ಮ ಆಯುಷ್ಯ ಎಪ್ಪತ್ತು ವರ್ಷ, ಬಲ ಹೆಚ್ಚಿದ್ದರೆ ಎಂಬತ್ತು. ನಮ್ಮ ದಿನಗಳನ್ನು ಎಣಿಸಲು ಕಲಿಸು ಎಂದು ಅಲ್ಲಿ ಪ್ರಾರ್ಥನೆ ಇದೆ. ನಾನು ಅದುವರೆಗೆ ಎಣಿಸಿದ್ದು ನನ್ನ ಕೆಲಸಗಳನ್ನು. ನೀವು ಹಾಜರಿ ಕರೆದವರು, ಎಣಿಸುವುದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಹಾಜರಿಯಲ್ಲಿ ಬರೀ ಸಂಖ್ಯೆ ಇರುವುದಿಲ್ಲ, ಹೆಸರು ಇರುತ್ತದೆ. ಇವತ್ತು ಯಾರು ಬಂದಿಲ್ಲ ಎಂದು ಅದೇ ತೋರಿಸುತ್ತದೆ. ನನ್ನ 60ರ ಹಾಜರಿಯಲ್ಲಿ ಬಾರದೆ ಉಳಿದವನು ನಾನೇ.

ನಾನು ಗುಳೇದಗುಡ್ಡದವನು. ಬಾಸೆಲ್ ಮಿಷನ್‌ನವರು, ಅಂದರೆ ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆಯವರು, 1851ರಲ್ಲಿ ಅಲ್ಲಿ ಕೆಲಸ ಶುರು ಮಾಡಿದರು. ನಮ್ಮ ಅಪ್ಪ ಕುಪ್ಪಸದ ಖಣ ನೇಯುತ್ತಿದ್ದರು. ಮಗ್ಗದ ಕುಣಿಯಲ್ಲಿ ಕಾಲಿಟ್ಟು ಬೆಳಿಗ್ಗೆಯಿಂದ ಸಂಜೆವರೆಗೆ ಕೂಡುತ್ತಿದ್ದರು. ಯೋಬನ ಪುಸ್ತಕದಲ್ಲಿ, ನನ್ನ ದಿನಗಳು ಮಗ್ಗದ ಲಾಳಿಗಿಂತ ಬೇಗ ಓಡುತ್ತವೆ ಎಂಬ ಮಾತು ಬಂದಾಗ ನಾನು ಚಿಕ್ಕವನಿದ್ದಾಗಲೇ ಅರ್ಥ ಮಾಡಿಕೊಂಡಿದ್ದೆ. ಲಾಳಿಯ ಸದ್ದು ಕೇಳುತ್ತಲೇ ಮಲಗಿ ಏಳುವ ಮನೆ ನಮ್ಮದು.

ಹಾಸು, ಅಂದರೆ ಮಗ್ಗಕ್ಕೆ ಉದ್ದಕ್ಕೆ ಏರಿಸಿದ ಎಳೆ, ಮುಗಿಯುತ್ತಾ ಬಂದಾಗ ಅಪ್ಪ ಬಟ್ಟೆ ಕತ್ತರಿಸುತ್ತಿದ್ದರು. ಆದರೆ ಪೂರ್ತಿ ಕತ್ತರಿಸುತ್ತಿರಲಿಲ್ಲ. ಬಾಚಣಿಗೆಯಂಥ ಹಣಿಗೆಯಲ್ಲಿ ಹಾದುಹೋದ ಎಳೆಗಳನ್ನು ಗೇಣುದ್ದ ಹಾಗೇ ಬಿಡುತ್ತಿದ್ದರು. ಆಮೇಲೆ ಅವ್ವ ಬಂದು ಕೂಡುತ್ತಿದ್ದಳು. ಬೆರಳಿಗೆ ಬೂದಿ ಹಚ್ಚಿಕೊಂಡು ಹಳೆ ಎಳೆಯ ತುದಿಗೆ ಹೊಸ ಎಳೆಯ ತುದಿ ಸೇರಿಸಿ ಹೊಸೆಯುತ್ತಿದ್ದಳು. ಒಂದೊಂದಾಗಿ, ಸಾವಿರಾರು ಎಳೆ. ಇದಕ್ಕೆ ಕೆಚ್ಚುವುದು ಅನ್ನುತ್ತಿದ್ದರು. ಹಳೆ ಎಳೆ ಇದ್ದರೆ ಹೊಸ ಹಾಸು ಅದರ ಹಿಂದೆಯೇ ಹಣಿಗೆಯೊಳಗೆ ಬರುತ್ತದೆ. ಯಾರಾದರೂ ತಪ್ಪಿ ಪೂರ್ತಿ ಕತ್ತರಿಸಿದರೆ, ಪ್ರತಿ ಎಳೆಯನ್ನೂ ಹೊಸದಾಗಿ ಪೋಣಿಸುತ್ತಾ ಕೂಡಬೇಕು. ಅಷ್ಟು ದಿನ ಮಗ್ಗ ನಿಂತಿತು, ಮನೆಯ ಒಲೆಯೂ ನಿಂತಿತು ಅಂತಲೇ ಲೆಕ್ಕ.

ಹಿಜ್ಕೀಯ ಅರಸನ ಪ್ರಾರ್ಥನೆ ಯೆಶಾಯ 38ರಲ್ಲಿದೆ. ಕಾಯಿಲೆ ಬಿದ್ದಾಗ ಅವನು, ನೇಕಾರ ಬಟ್ಟೆ ಸುತ್ತಿದ ಹಾಗೆ ನನ್ನ ಬಾಳನ್ನು ಸುತ್ತಿದ್ದೇನೆ, ದೇವರು ನನ್ನನ್ನು ಮಗ್ಗದಿಂದ ಕತ್ತರಿಸುತ್ತಿದ್ದಾನೆ ಎಂದು ಅತ್ತ. ದೇವರು ಅವನಿಗೆ 15 ವರ್ಷ ಹೆಚ್ಚಿಗೆ ಕೊಟ್ಟನು. ಆ ವರ್ಷಗಳಲ್ಲಿ ಅವನು ಏನು ಮಾಡಿದ? ಬಾಬೆಲಿನಿಂದ ಬಂದವರಿಗೆ ತನ್ನ ಬೊಕ್ಕಸ ತೆರೆದು ಬೆಳ್ಳಿ ಬಂಗಾರ ತೋರಿಸಿದ. ಇದೆಲ್ಲಾ ಒಂದು ದಿನ ಬಾಬೆಲಿಗೆ ಹೋಗುತ್ತದೆ, ನಿನ್ನ ಮಕ್ಕಳೂ ಹೋಗುತ್ತಾರೆ ಎಂದು ಪ್ರವಾದಿ ಹೇಳಿದಾಗ, ನನ್ನ ಕಾಲದಲ್ಲಿ ಸಮಾಧಾನ ಇರುತ್ತದಲ್ಲ ಎಂದುಕೊಂಡ. ಅವನ ನಂತರ ಪಟ್ಟಕ್ಕೆ ಬಂದ ಮನಸ್ಸೆಗೆ ಆಗ 12 ವರ್ಷ. ಲೆಕ್ಕ ಹಾಕಿ ನೋಡಿ, ಆ ಹೆಚ್ಚಿಗೆ ಸಿಕ್ಕ 15 ವರ್ಷದಲ್ಲೇ ಹುಟ್ಟಿದ ಮಗ. ಯೆಹೂದದ ಅರಸರಲ್ಲಿ ಬಹಳ ಕೆಟ್ಟ ಹೆಸರು ಪಡೆದವನು ಅವನು. ಒಳ್ಳೆಯ ಅರಸ ಹಿಜ್ಕೀಯ. ಆದರೆ ಮಗನು ಕೆಚ್ಚಿಕೊಳ್ಳಲು ಅವನು ಎಳೆ ಬಿಡಲಿಲ್ಲ ಅಂತ ನನಗೆ ಅನ್ನಿಸುತ್ತದೆ. ನನ್ನ ಮಗಳ ಮಾತು ಕೇಳಿದ ಮೇಲೆ ಈ ಅಧ್ಯಾಯವನ್ನು ನಾನು ಬೇರೆಯವರಿಗೆ ಬೋಧಿಸಲು ಓದಿಲ್ಲ, ನನಗೋಸ್ಕರ ಓದಿದ್ದೇನೆ.

ನಿಮ್ಮ ಎಳೆ ಶಾಲೆಯಲ್ಲೂ ಇದೆ. ನಿಮ್ಮ ಜಾಗಕ್ಕೆ ಬರುವ ಟೀಚರಿಗೆ ಚಾರ್ಜ್ ಪಟ್ಟಿ ಕೊಡುತ್ತೀರಿ. ಬೆಂಚು ಇಷ್ಟು, ನಲಿ-ಕಲಿ ಕಾರ್ಡು ಇಷ್ಟು, ಬೀರುವಿನ ಕೀ ಇದು ಅಂತ. ಅದರಲ್ಲಿ ಇಲ್ಲದ ವಿಷಯ ನಿಮ್ಮ ತಲೆಯಲ್ಲಿ ಎಷ್ಟಿದೆ! ಯಾವ ಹುಡುಗಿ ಬೆಳಿಗ್ಗೆ ಏನೂ ತಿನ್ನದೆ ಬರುತ್ತಾಳೆ. ಯಾವ ಮಕ್ಕಳ ತಂದೆತಾಯಿ ಕಬ್ಬು ಕಡಿಯಲು ಹೋದಾಗ ಅಜ್ಜಿಯೇ ನೋಡಿಕೊಳ್ಳುತ್ತಾಳೆ. ಯಾರಿಗೆ ಹಿಂದಿನ ಬೆಂಚಿನಿಂದ ಬೋರ್ಡ್ ಕಾಣುವುದಿಲ್ಲ. ಯಾರ ಅಪ್ಪನಿಗೆ ದೂರು ಹೇಳಿದರೆ ಮಗುವಿಗೆ ಹೊಡೆತ ಬೀಳುತ್ತದೆ. ಇದನ್ನೆಲ್ಲಾ ಒಂದು ನೋಟ್‌ಬುಕ್ಕಿನಲ್ಲಿ ಹೆಸರಿನ ಮುಂದೆ ಬರೆಯಿರಿ. ಹೊಸ ಟೀಚರ ಕೈಗೆ ಕೊಟ್ಟು ಅರ್ಧ ದಿನ ಪಕ್ಕದಲ್ಲಿ ಕೂತು ಹೇಳಿ. ಯಾರೂ ಬಂದಿಲ್ಲದಿದ್ದರೆ ಇರುವ ಟೀಚರುಗಳಲ್ಲಿ ಚಿಕ್ಕವರಿಗೆ ಕೊಡಿ.

ಏನು ಉಳಿಯಿತು ಎಂದು ಕೇಳಿದ್ದೀರಲ್ಲ, ಕಿಟೆಲ್ ಅವರ ಕಥೆ ಒಂದು ಸಲ ನೆನಪು ಮಾಡಿಕೊಳ್ಳಿ. ಕನ್ನಡ ಕಲಿಸಿದವರು ನೀವು. ಅವರು ಹುಟ್ಟಿದ್ದು 1832ರಲ್ಲಿ, ಬಾಸೆಲ್ ಮಿಷನ್ ಪಾದ್ರಿಯಾಗಿ ಈ ದೇಶಕ್ಕೆ ಬಂದದ್ದು 1853ರಲ್ಲಿ. ಅವರ ನಿಘಂಟು ಅಚ್ಚಾದದ್ದು 1894ರಲ್ಲಿ. ಆಗ ಅವರಿಗೆ 62 ವರ್ಷ. ಸುಮಾರು 70,000 ಶಬ್ದ. ಅಲ್ಲಿಗೆ ನಿಲ್ಲಿಸಲಿಲ್ಲ. ಕನ್ನಡ ವ್ಯಾಕರಣ ಬರೆದರು, ಅದು 1903ರಲ್ಲಿ ಬಂತು. ಅದೇ ವರ್ಷದ ಡಿಸೆಂಬರಿನಲ್ಲಿ ತೀರಿಕೊಂಡರು. ನೀವೂ ನಿಘಂಟು ಬರೆಯಿರಿ ಎಂದು ನಾನು ಹೇಳುತ್ತಿಲ್ಲ. 60ಕ್ಕೆ ಎಲ್ಲಾ ಮುಗಿಯಿತು ಅಂತ ಲೆಕ್ಕ ಮುಚ್ಚಬೇಡಿ, ಅಷ್ಟೇ. ನಮ್ಮಲ್ಲಿ ಅರವತ್ತಕ್ಕೆ ಅರಳು ಮರಳು ಅನ್ನುತ್ತಾರೆ. ಆ ಗಾದೆ ನಿಮಗಲ್ಲ.

ನನಗೆ 60ರಲ್ಲಿ ಚುಚ್ಚಿದ ಒಂದು ವಾಕ್ಯವೂ ಇದೆ. ಯಾಜಕಕಾಂಡ 27ರಲ್ಲಿ ಹರಕೆಯ ಬೆಲೆ ಕಟ್ಟುತ್ತಾರೆ. 20ರಿಂದ 60ರವರೆಗಿನ ಗಂಡಸಿಗೆ 50 ಶೆಕೆಲ್ ಬೆಳ್ಳಿ, ಹೆಂಗಸಿಗೆ 30. 60 ದಾಟಿದರೆ ಗಂಡಸಿಗೆ 15, ಹೆಂಗಸಿಗೆ 10. ದೇವರ ಮನೆಯಲ್ಲೂ ಹೀಗಾ ಅನ್ನಿಸಿತ್ತು. ಅದು ಮೈಯ ಕಸುವಿಗೆ ಕಟ್ಟಿದ ಬೆಲೆ ಎಂದು ಆಮೇಲೆ ಸಮಾಧಾನವಾಯಿತು. ಅರಣ್ಯಕಾಂಡ 8ರಲ್ಲಿ ದೇವರ ಗುಡಾರದ ಸೇವೆ ಮಾಡುತ್ತಿದ್ದ ಲೇವಿಯರ ವಿಷಯ ಬರುತ್ತದೆ. 50 ತುಂಬಿದ ಮೇಲೆ ಅವರು ಭಾರದ ಕೆಲಸ ಬಿಡಬೇಕು. ಆದರೆ ತಮ್ಮ ಸಹೋದರರಿಗೆ ಜೊತೆಯಾಗಿ ನಿಲ್ಲಬಹುದು. ನಿವೃತ್ತಿಗೆ ಇದಕ್ಕಿಂತ ಒಳ್ಳೆಯ ನಿಯಮ ನಾನು ನೋಡಿಲ್ಲ. ಹೊರುವುದನ್ನು ಬಿಡಿ, ಹೊರುವವರ ಪಕ್ಕ ನಿಲ್ಲಿ.

ಈಗ ಹಣದ ಮಾತು. ಪಾಸ್ಟರ್ ಯಾಕೆ ಹಣದ ಮಾತಾಡುತ್ತಾರೆ ಎಂದುಕೊಳ್ಳಬೇಡಿ. ಸಮಾಧಿಯ ಮಣ್ಣು ಒಣಗುವ ಮೊದಲೇ ಜಾಗಕ್ಕಾಗಿ ಅಣ್ಣತಂಗಿಯರು ಮಾತು ಬಿಟ್ಟದ್ದನ್ನು ಎಷ್ಟೋ ಮನೆಗಳಲ್ಲಿ ನೋಡಿದ್ದೇನೆ. ನಿವೃತ್ತಿ ಹಣ ಕೈಗೆ ಬಂದ ತಿಂಗಳೇ ಯಾರಿಗೂ ಕೊಡಬೇಡಿ. ಮಕ್ಕಳಿಗೂ ಬೇಡ, ದೊಡ್ಡ ಆಶೀರ್ವಾದದ ಮಾತು ಹೇಳಿ ಕಾಣಿಕೆ ಕೇಳುವವರಿಗೂ ಬೇಡ. ಆರು ತಿಂಗಳು ಬ್ಯಾಂಕಿನಲ್ಲಿ ಇರಲಿ. ನಂತರ ಉಯಿಲು ಬರೆಯಿರಿ. ಕ್ರೈಸ್ತರಾದ ನಮಗೆ ಅನ್ವಯಿಸುವುದು 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ. ಉಯಿಲು ಇಲ್ಲದಿದ್ದರೆ ನಿಮ್ಮ ಆಸ್ತಿ ಮಗನಿಗೂ ಮಗಳಿಗೂ ಸಮಪಾಲು. ಉಯಿಲಿಗೆ ಇಬ್ಬರು ಸಾಕ್ಷಿಗಳ ಸಹಿ ಬೇಕು. ಪಾಲು ಪಡೆಯುವವರಾಗಲಿ ಅವರ ಗಂಡ ಅಥವಾ ಹೆಂಡತಿಯಾಗಲಿ ಸಾಕ್ಷಿ ಹಾಕಬಾರದು, ಹಾಕಿದರೆ ಅವರ ಪಾಲೇ ಬಿದ್ದುಹೋಗುತ್ತದೆ. ಇದು ತಿಳಿಯದೆ ಮಗನ ಕೈಯಲ್ಲೇ ಸಾಕ್ಷಿ ಹಾಕಿಸಿದವರನ್ನು ನಾನು ಕಂಡಿದ್ದೇನೆ. ನೋಂದಣಿ ಕಡ್ಡಾಯ ಅಲ್ಲ, ಮಾಡಿಸಿದರೆ ಒಳ್ಳೆಯದು. ಬರೆದ ಮೇಲೆ ಇಬ್ಬರೂ ಮಕ್ಕಳನ್ನು ಕೂರಿಸಿಕೊಂಡು ಓದಿ ಹೇಳಿ. ನೀವು ಬಾಯಿಬಿಟ್ಟು ಹೇಳಿದ್ದನ್ನು ಅವರು ಕೋರ್ಟಿನಲ್ಲಿ ಹುಡುಕಬೇಕಾಗುವುದಿಲ್ಲ.

ಬಿಪಿ, ಶುಗರ್ ಪರೀಕ್ಷೆ ಮಾಡಿಸಿಕೊಳ್ಳಿ, ಕಣ್ಣು ತೋರಿಸಿಕೊಳ್ಳಿ. ಇದು ನಿಮಗೆ ಗೊತ್ತಿರುವುದೇ.

ಬರ್ಜಿಲ್ಲೈ ಎಂಬ ಒಬ್ಬ ಮುದುಕನ ಬಗ್ಗೆ ಹೇಳಲೇಬೇಕು. ನನಗೆ ತುಂಬಾ ಇಷ್ಟದವನು, ಆದರೆ ಅವನ ಮೇಲೆ ಪ್ರಸಂಗ ಮಾಡುವವರು ಕಡಿಮೆ. ಸ್ವಂತ ಮಗನಿಂದ ತಪ್ಪಿಸಿಕೊಂಡು ಓಡಿದ ದಾವೀದನಿಗೆ ಹಾಸಿಗೆ, ಗೋಧಿ, ಜೇನು, ಮೊಸರು ತಂದುಕೊಟ್ಟವರಲ್ಲಿ ಅವನೂ ಒಬ್ಬ. ದಾವೀದ ಗೆದ್ದು ವಾಪಸ್ ಹೋಗುವಾಗ, ನನ್ನ ಜೊತೆ ಯೆರೂಸಲೇಮಿಗೆ ಬಾ, ನಾನು ನೋಡಿಕೊಳ್ಳುತ್ತೇನೆ ಎಂದ. ಬರ್ಜಿಲ್ಲೈಗೆ ಆಗ 80 ವರ್ಷ. ತಿಂದದ್ದರ ರುಚಿ ಗೊತ್ತಾಗುವುದಿಲ್ಲ, ಹಾಡು ಕಿವಿಗೆ ಸರಿಯಾಗಿ ಕೇಳುವುದಿಲ್ಲ, ನಾನ್ಯಾಕೆ ಅರಸನಿಗೆ ಭಾರವಾಗಲಿ ಎಂದ. ನನ್ನ ಊರಿನಲ್ಲಿ, ತಂದೆತಾಯಿಯ ಸಮಾಧಿಯ ಹತ್ತಿರ ಸಾಯುತ್ತೇನೆ, ಇಗೋ ಕಿಮ್ಹಾಮ ಇದ್ದಾನೆ, ಇವನನ್ನು ಕರೆದುಕೊಂಡು ಹೋಗು ಎಂದ. ಎಂಥ ಮಾತು ನೋಡಿ. ತನಗೆ ಬಂದ ಗೌರವವನ್ನು ಬೇಡ ಅಂದ, ಆದರೆ ವ್ಯರ್ಥ ಮಾಡಲಿಲ್ಲ. ಚಿಕ್ಕವನ ಕಡೆ ತಿರುಗಿಸಿದ. ಯೆರೆಮೀಯ 41 ಓದಿ. ನೂರಾರು ವರ್ಷ ಆದಮೇಲೂ ಬೇತ್ಲೆಹೇಮಿನ ಹತ್ತಿರ ಕಿಮ್ಹಾಮನ ಹೆಸರಿನ ಒಂದು ಜಾಗ ಇತ್ತು.

ಹಾಲ್ ಬುಕ್ ಆಗಿದೆ ಅಂದಿರಿ. ಇರಲಿ, ಮಕ್ಕಳ ಪ್ರೀತಿಯನ್ನು ತಳ್ಳಬೇಡಿ. ಆದರೆ ಯಾರು ಬರಬೇಕು ಎಂಬ ಪಟ್ಟಿ ನೀವು ಮಾಡಿ. ನಿಮ್ಮ ಶಾಲೆಯ ಬಿಸಿಯೂಟದ ಅಕ್ಕಂದಿರನ್ನು ಮೊದಲನೇ ಸಾಲಿನಲ್ಲಿ ಊಟಕ್ಕೆ ಕೂರಿಸಿ. ದಿನಾ ಮಕ್ಕಳಿಗೆ ಬಡಿಸಿದವರು ಅವರು. ಅಂದು ಅವರಿಗೆ ನೀವು ನಿಮ್ಮ ಕೈಯಾರೆ ಗೋಧಿ ಹುಗ್ಗಿ ಬಡಿಸಿ. ಮಾತು ಬಿಟ್ಟವರು ಯಾರಾದರೂ ಇದ್ದರೆ ಅವರ ಮನೆಗೆ ನೀವೇ ಹೋಗಿ ಕರೆಯಿರಿ. ಅವರು ಬರದಿದ್ದರೂ ನೀವು ಹೋದದ್ದು ಉಳಿಯುತ್ತದೆ. ಹೊಗಳಿಕೆಯ ಭಾಷಣ ಎರಡಕ್ಕಿಂತ ಜಾಸ್ತಿ ಬೇಡ. ಮೈಕ್ ನಿಮ್ಮ ಮಗ, ಮಗಳ ಕೈಗೆ ಕೊಡಿ. ಅವರು ಏನು ಹೇಳಿದರೂ ಕೇಳಿ.

ಹೋದ ವರ್ಷ ನನಗೆ 75 ತುಂಬಿದ ದಿನವೂ ಸಭೆಯವರು ಸನ್ಮಾನ ಮಾಡುತ್ತೇವೆ ಎಂದು ವಿಜಯಪುರದ ನಮ್ಮ ಮನೆಗೆ ಬಂದು ಕೇಳಿದರು. ಅದೇ ದಿನ ಸಂಜೆ ಮೊಮ್ಮಗಳ ಶಾಲೆಯ ಗ್ಯಾದರಿಂಗ್ ಇತ್ತು. ಸನ್ಮಾನದ ಬದಲು ಹೊಸದಾಗಿ ಬಂದ ಚಿಕ್ಕ ಪಾಸ್ಟರನ್ನು ಕರೆದು ಪ್ರಾರ್ಥನೆ ಮಾಡಿ, ಅವರಿಗೆ ಇನ್ನೂ ಮನೆ ಸಾಮಾನು ಇಲ್ಲ, ಆ ದುಡ್ಡಿನಲ್ಲಿ ಅವರಿಗೆ ಒಂದು ಕಪಾಟು ಕೊಡಿಸಿ ಎಂದೆ. ನಾನು ಮಗಳ ಜೊತೆ ಶಾಲೆಗೆ ಹೋದೆ. ಪ್ಲಾಸ್ಟಿಕ್ ಕುರ್ಚಿಯಲ್ಲಿ ಎರಡೂವರೆ ತಾಸು ಕೂತೆವು. ಮೊಮ್ಮಗಳು ನಾಟಕದಲ್ಲಿ ಮರವಾಗಿದ್ದಳು. ಒಂದೂ ಮಾತಿರಲಿಲ್ಲ, ಕೈ ಎತ್ತಿಕೊಂಡು ನಿಲ್ಲಬೇಕು ಅಷ್ಟೇ. ಅವಳು ವೇದಿಕೆಗೆ ಬಂದ ಕೂಡಲೇ ಜನರ ನಡುವೆ ನಮ್ಮನ್ನು ಹುಡುಕಿದಳು. ಕಂಡ ಮೇಲೆ ಎಲೆ ಕಟ್ಟಿದ ಒಂದು ಕೈ ಕೆಳಗಿಳಿಸಿ ಬೀಸಿದಳು. ಮಗಳು ಪಕ್ಕದಿಂದ, "ಅಪ್ಪಾ, ನೀವೂ ಕೈ ಬೀಸ್ರಿ, ಆಕಿ ನೋಡಾಕತ್ತಾಳ" ಎಂದಳು.